ಕೈ ಎಣಿಸುವ ಮಾಸ್ತರರು

ಅಫಜಲಪುರದ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಇತಿಹಾಸದ ಮಾಸ್ತರರು ಎಂಥ ಜಗಳಕ್ಕೂ ಬಲಗೈ ಎತ್ತಿ, "ಕೈ ಎಣಿಸ್ರಿ" ಎನ್ನುತ್ತಿದ್ದರು. ನಿಜಾಮರ ಆಳ್ವಿಕೆಯ ಕೊನೆಯ ವರ್ಷ. ಐರ್ಲೆಂಡಿನ ಪ್ರಧಾನಿ ಅಧಿಕಾರದಿಂದ ಇಳಿದ ಸುದ್ದಿ ಪತ್ರಿಕೆಯಲ್ಲಿ ಓದಿ, ಚಹಾದಂಗಡಿಯಲ್ಲಿ ವಿವರಿಸಿದರು: "ಸಭಾದಾಗ ಅವರ ಕಡಿ ಕೈ ಕಡಿಮಿ ಬಿದ್ವು. ಕುರ್ಚಿ ಬಿಟ್ರು."

ಇದು ನಿಜಾಮರ ವಿರುದ್ಧದ ಮಾತೆಂದು ಠಾಣೆಯ ಮುಖ್ಯಸ್ಥರಾದ ಪೊಲೀಸ್ ಅಮೀನರು ಅವರನ್ನು ಠಾಣೆಗೆ ಎಳೆದೊಯ್ದರು. ಬಿಡಿಸಲೆಂದು ನಾನೂ ಹಿಂದೆ ಓಡಿದೆ.

"ಆ ಪ್ರಧಾನಿ ಹಂತ್ಯಾಕ ಫೌಜ್ ಇರಲಿಲ್ಲೇನು?" ಅಮೀನರು ಗದರಿದರು.

"ಇತ್ರಿ. ಆದ್ರ ಎಣಿಕಿ ಮುಗದಿತ್ರಿ," ಎಂದರು ಮಾಸ್ತರರು.

"ಸುಳ್ಳು! ಈ ಮಾಸ್ತರಗ ಬಿಡಬೇಕನ್ನಾವ್ರು ಕೈ ಎತ್ರಿ ನೋಡೂಣ," ಎಂದು ಅಮೀನರು ನಕ್ಕರು.

ಠಾಣೆಯಲ್ಲಿದ್ದ ಮೂವರು ಪೊಲೀಸರೂ ಕೈ ಎತ್ತಿದರು.

ಅಮೀನರ ನಗೆ ನಿಂತಿತು. ಮಾಸ್ತರರ ಜೊತೆ ಆ ಮೂವರನ್ನೂ ಒಳಗೆ ಹಾಕಿ ಕೀಲಿ ಜಡಿದರು. ಕಾಯಲು ಪೊಲೀಸರು ಯಾರೂ ಉಳಿಯಲಿಲ್ಲ. ಬಂದೂಕು ಹಿಡಿದು ತಾವೇ ನಿಂತರು. ಮಧ್ಯಾಹ್ನ ಹಸಿವು ತಾಳದೆ ಹೊರಗುಳಿದಿದ್ದ ನನ್ನ ಕೈಗೇ ಕೀಲಿಕೈ ಕೊಟ್ಟು, "ಉಂಡ್ ಬರ್ತೇನಿ, ಕಾಯ್ಕೋತ ಕುಂದರ್ರಿ," ಎಂದು ಹೋದರು.

ನಾನು ಬೀಗ ತೆಗೆದೆ.