ಅಪ್ಪನ ಕತ್ತಿನ ಮೇಲೊಂದು ಬೀಗ

ಮುಖ ಬರೆಯುವುದರಲ್ಲಿ ಆ ಅಣ್ಣತಮ್ಮಂದಿರಲ್ಲಿ ದೊಡ್ಡವನನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ನಲವತ್ತು ವರ್ಷ ಸಿನಿಮಾ ಬ್ಯಾನರಿನ ಮೇಲೆ ನಾಯಕರ ಮೀಸೆ ತಿದ್ದಿದವನು, ನಾಯಕಿಯರ ಕಣ್ಣಿಗೆ ಹೊಳಪು ಕೊಟ್ಟವನು. ತಮ್ಮನದು ಮಿಕ್ಕ ಕೆಲಸ: ಅಕ್ಷರ, ಮೋಡ, ಬೆಂಕಿ. ಅವನ ಕೈಗೆ ಮುಖ ಕೊಟ್ಟರೆ ಒಂದು ಕಣ್ಣು ಊರಿಗೆ, ಒಂದು ಕಾಡಿಗೆ.

ಯಂತ್ರದಲ್ಲಿ ಅಚ್ಚಾಗುವ ಬ್ಯಾನರು ಬಂದು ಇಬ್ಬರ ಹೊಟ್ಟೆಯ ಮೇಲೂ ಹೊಡೆಯಿತು. ದೊಡ್ಡವ ಮನೆ ಹಿಡಿದ. ಚಿಕ್ಕವ ಮನುಷ್ಯರ ಕತ್ತಿನ ಮೇಲೆ ನಲ್ಲಿ, ಗಡಿಯಾರ, ಹೂಕೋಸು ಕೂರಿಸಿ ಬರೆಯತೊಡಗಿದ. ಜನ ಅವನನ್ನು ಸರ್ರಿಯಲಿಸ್ಟ್, ಕನಸು ಬರೆಯುವ ಕಲಾವಿದ ಎಂದು ಕರೆದು ಚಪ್ಪಾಳೆ ತಟ್ಟಿದರು. ಅಣ್ಣ ಮಾತ್ರ ತಟ್ಟಲಿಲ್ಲ, ಉರಿದುಕೊಂಡ.

ಅವರಪ್ಪ ಬಡಗಿ, ಒಂದು ಫೋಟೊವನ್ನೂ ತೆಗೆಸಿಕೊಳ್ಳದೆ ಸತ್ತವನು. ಅವನು ಕಟ್ಟಿದ ಬಡಗಿಗಳ ಸಂಘ ಹೊಸ ಕಟ್ಟಡಕ್ಕೆ ಅವನ ಚಿತ್ರ ಬರೆದುಕೊಡೆಂದು ಚಿಕ್ಕವನನ್ನು ಕೇಳಿತ್ತು. ನಾಳೆ ಅದು ಗೋಡೆಗೇರಬೇಕು ಎನ್ನುವಾಗ ದೊಡ್ಡವ ಕರೆಯದೆಯೇ ತಮ್ಮನ ಕೋಣೆಗೆ ನುಗ್ಗಿದ.

ಚಿತ್ರದಲ್ಲಿ ಕುರ್ಚಿಯ ಮೇಲೆ ಕೂತ ಅಪ್ಪನ ಪಾದಗಳು ಬೇರುಗಳಾಗಿ ನೆಲಕ್ಕಿಳಿದಿದ್ದವು. ಕೀಸಿದ ಮರದ ಸುರುಳಿಗಳು ಹಕ್ಕಿಗಳಾಗಿ ಹಾರುತ್ತಿದ್ದವು. ಅವು ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ದೊಡ್ಡವನ ಸಿಟ್ಟು ಇಮ್ಮಡಿಯಾಯಿತು. ಕುರ್ಚಿಯ ಕಾಲಿಗೆ ಮೊಳೆ ಹೊಡೆದಿತ್ತು. ಮರಕ್ಕೆ ಮರವನ್ನೇ ಕೂಡಿಸುತ್ತಿದ್ದ ಅಪ್ಪ ಜನ್ಮದಲ್ಲಿ ಕುರ್ಚಿಗೆ ಮೊಳೆ ಮುಟ್ಟಿಸಿದವನಲ್ಲ. ಕತ್ತಿನ ಮೇಲೆ ಹಿತ್ತಾಳೆಯ ಬೀಗ.

"ಇದೇನೋ, ಅಪ್ಪನೋ ಗೋದಾಮಿನ ಬಾಗಿಲೋ?"

"ಅಪ್ಪ ಯಾವತ್ತಾದ್ರೂ ಮನಸ್ಸು ಬಿಚ್ಚಿ ಮಾತಾಡಿದ್ನಾ ಅಣ್ಣ? ಅದಕ್ಕೇ ಬೀಗ."

"ನಿಂಗೆ ಮೂಗು ಬರಿಯಕ್ಕೆ ಬರಲ್ಲ, ಅದಕ್ಕೇ ಬೀಗ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ನೋಡಿದೋರೆಲ್ಲ ಮೆಚ್ಚಿದ್ದಾರೆ."

"ಅವರಪ್ಪ ಅಲ್ವಲ್ಲ, ಮೆಚ್ತಾರೆ! ಮೊಮ್ಮಕ್ಕಳಿಗೆ ತಾತ ಅಂದ್ರೆ ಇನ್ನು ಈ ಬೀಗವೇ. ಬೇರೆ ಗುರುತು ಎಲ್ಲಿದೆ? ಮುಖ ಬರಿ!"

ಚಿಕ್ಕವ ಕುಂಚವನ್ನು ಅಣ್ಣನ ಕೈಗೆ ತುರುಕಿದ. "ನೀನೇ ಬರಿ ಮಹಾರಾಯ. ಬೀಗ ಅಳಿಸಿಹಾಕು, ಬೇಡ ಅನ್ನಲ್ಲ."

ದೊಡ್ಡವ ಕುಂಚವನ್ನು ಬಣ್ಣಕ್ಕೆ ಅದ್ದಿ ನಿಂತ. ಫೋಟೊದ ಮೇಲೆ ಚೌಕಗಳ ಗೆರೆ ಎಳೆದು, ಒಂದೊಂದು ಚೌಕವನ್ನೇ ದೊಡ್ಡದು ಮಾಡಿ ಬರೆಯುವುದು ಅವನ ಕಸುಬು. ಇಲ್ಲಿ ಫೋಟೊ ಎಲ್ಲಿಂದ ತರುವುದು? ಕಣ್ಣು ಮುಚ್ಚಿದರೆ ಯಾವುದೋ ಸಿನಿಮಾ ತಂದೆಯ ಮೂಗು ಬಂತು, ಯಾವನೋ ಖಳನ ಹುಬ್ಬು ಬಂತು. ಅಪ್ಪ ಬರಲಿಲ್ಲ.

"ಯಾಕೆ ಮೇಸ್ತ್ರಿ, ಬಣ್ಣ ಒಣಗ್ತಿದೆ."

"ಬಾಯಿ ಮುಚ್ಚೋ."

ಬಹಳ ಹೊತ್ತಿನ ಮೇಲೆ ಒಂದೇ ಒಂದು ಬಂತು: ಅಪ್ಪನ ಸೈಕಲ್ಲಿನ ಹಿಂದೆ ಕೂತು ಶಾಲೆಗೆ ಹೋಗುವಾಗ ದಿನವೂ ಕಂಡ ಬಲಗಿವಿ, ಅದಕ್ಕೆ ಸಿಕ್ಕಿಸಿದ ಪೆನ್ಸಿಲ್ಲು. ಬೀಗದ ಪಕ್ಕಕ್ಕೆ ಅದನ್ನು ಬರೆದ, ಸೀಳಿದ ಹಾಲೆಯ ಸಮೇತ.

ಚಿಕ್ಕವ ಬಗ್ಗಿ ನೋಡಿದ. "ಸೀಳಿದ್ದು ಎಡಗಿವಿ ಅಲ್ವಾ?"

"ನೀನು ಮುಂದಿನ ಕಂಬಿ ಮೇಲೆ ಕೂರ್ತಿದ್ದೋನು. ಒಂದ್ಸಲ ತಿರುಗಿ ಅವನ ಮುಖ ನೋಡಬಾರದಿತ್ತೇನೋ, ಮುಂಡೇದೆ!"

ಬೀಗ ಉಳಿಯಿತು, ಕಿವಿಯೂ ಉಳಿಯಿತು. ದೊಡ್ಡವ ಕುಂಚ ಒರೆಸಿಟ್ಟು ಬಾಗಿಲಿಗೆ ನಡೆದ.

"ಸಹಿ ನಿಂದೇ ಹಾಕ್ಕೊ. ನಾಳೆ ಬೈಯೋರಿಗೆ ವಿಳಾಸ ಬೇಕಲ್ಲ."