ನಿಧಾನಕ್ಕೆ ಬರೆಸಿದ ಸೋಬಾನೆ ಸೀಡಿ

ಆಗೆಲ್ಲ ಬೇಕಾದ ಹಾಡು ಕೇಳಬೇಕೆಂದರೆ ಶಿರಾ ಪೇಟೆಗೆ ಹೋಗಿ ಸೀಡಿ ಬರೆಸಬೇಕಿತ್ತು. ಗೀಚು ಬಿದ್ದ ಸೀಡಿಗಳನ್ನು ದಾರಕ್ಕೆ ಕಟ್ಟಿ ಹೊಲದಲ್ಲಿ ಗಿಳಿ ಬೆದರಿಸುತ್ತಿದ್ದೆವು. ನನಗಾಗ ಹನ್ನೆರಡು ವರ್ಷ. ಕಳ್ಳಂಬೆಳ್ಳದ ನಮ್ಮ ಮನೆಯಲ್ಲಿ ಅಕ್ಕನ ಮದುವೆ ಗೊತ್ತಾಗಿತ್ತು.

ಅಜ್ಜಿ ಸೋಬಾನೆ ಹೇಳದೆ ನಮ್ಮಲ್ಲಿ ಮದುವಣಗಿತ್ತಿಗೆ ಅರಿಶಿನ ಮುಟ್ಟಿಸುತ್ತಿರಲಿಲ್ಲ. ಆ ಸಲ ಅಜ್ಜಿ ಮಿಡಿಗೇಶಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದರು.

"ಅಜ್ಜಿ ಹಾಡಿಲ್ದೆ ನಾನು ಹಸೆ ಮೇಲೆ ಕೂರಾಕಿಲ್ಲ" ಎಂದು ಅಕ್ಕ ಅತ್ತಳು.

ಹಟದಲ್ಲಿ ನಾನೇನು ಕಡಿಮೆಯೇ? ಚಿಕ್ಕಪ್ಪನನ್ನು ಹೊರಡಿಸಿಕೊಂಡು ಮಿಡಿಗೇಶಿಗೆ ಹೋಗಿ, ಅವನ ಮೊಬೈಲಿನಲ್ಲಿ ಅಜ್ಜಿಯ ಒಂದು ಗಂಟೆಯಷ್ಟು ಹಾಡು ತುಂಬಿಸಿಕೊಂಡು ಬಂದೆ. ಮೊಬೈಲಿನ ಸಣ್ಣ ಸದ್ದು ಮದುವೆ ಮನೆಗೆ ಸಾಲದೆಂದು ಶಿರಾದ ಸೀಡಿ ಅಂಗಡಿಯ ಚಾಚಾ ಹತ್ತಿರ "ಬೇಗ, ಬೇಗ" ಎಂದು ದುಂಬಾಲು ಬಿದ್ದೆ. ನಾಲ್ಕೇ ನಿಮಿಷಕ್ಕೆ ಸೀಡಿ ಕೈಗೆ ಬಂತು.

ಅರಿಶಿನದ ದಿನ ಬೆಳಿಗ್ಗೆ ಅದನ್ನು ನಮ್ಮ ಹಳೆಯ ಪ್ಲೇಯರಿಗೆ ಹಾಕಿದೆ. ಸೀಡಿಯಲ್ಲಿ ಅಜ್ಜಿ ತೊದಲಿದರು. ಒಂದೇ ಸಾಲು ಹತ್ತು ಸಲ, ಆಮೇಲೆ ಸದ್ದೇ ಇಲ್ಲ. ಅರೆದ ಹಸಿ ಅರಿಶಿನದ ವಾಸನೆ ಮನೆ ತುಂಬಿತ್ತು. ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಚಿಕ್ಕಪ್ಪನನ್ನು ಎಳೆದುಕೊಂಡು ಮತ್ತೆ ಶಿರಾಕ್ಕೆ ಹೋದೆ. ಚಾಚಾನ ಕಂಪ್ಯೂಟರಿನಲ್ಲಿ ಅದೇ ಸೀಡಿ ಸೊಗಸಾಗಿ ಹಾಡಿತು!

"ಸ್ಪೀಡಲ್ಲಿ ಬರ್ದಿದ್ದು ಹಳೇ ಪ್ಲೇಯರ್ ಕಣ್ಣಿಗೆ ಸರಿಯಾಗಿ ಕಾಣಲ್ಲ ಬೇಟಿ" ಎಂದರು ಚಾಚಾ. "ನೀನೇ ಜಲ್ದಿ ಅಂದೆ, ಐವತ್ತೆರಡರ ಸ್ಪೀಡಲ್ಲಿ ಬರ್ದೆ. ನಾಲ್ಕರಲ್ಲಿ ಬರೆದ್ರೆ ಕಾಲು ಗಂಟೆ ಆಯ್ತದೆ."

"ಆಗ್ಲಿ. ಬರೀರಿ, ಕೂತಿರ್ತೀನಿ."

"ಲೇ, ಬಸ್ಸು ಹೊಂಟೋಯ್ತದೆ ಕಣೇ, ಎದ್ದೇಳು!" ಚಿಕ್ಕಪ್ಪ ಗದರಿದ. ನಾನು ಸ್ಟೂಲು ಬಿಟ್ಟು ಕದಲಲಿಲ್ಲ. ಆ ಬಸ್ಸು ಹೋಯಿತು, ಮುಂದಿನದರಲ್ಲಿ ನಿಂತುಕೊಂಡೇ ಬಂದೆವು.

ಮಧ್ಯಾಹ್ನ ಅದೇ ಹಳೆಯ ಪ್ಲೇಯರಿನಲ್ಲಿ ಅಜ್ಜಿ ಒಂದು ಕಡೆಯೂ ತಡವರಿಸದೆ ಹಾಡಿದರು. ಅಕ್ಕ ಕಣ್ಣೊರೆಸಿಕೊಂಡು ಹಸೆಯ ಮೇಲೆ ಕೂತಳು. ನನಗಂತೂ ಊರನ್ನೇ ಗೆದ್ದಷ್ಟು ಜಂಬ.

ಈಗ ಅಜ್ಜಿ ಇಲ್ಲ. ಸೀಡಿ ಹಾಕುವ ಪ್ಲೇಯರೂ ಯಾರ ಮನೆಯಲ್ಲೂ ಇಲ್ಲ. ಹುಡುಕಿ ಹುಡುಕಿ, ಮೊನ್ನೆ ಮಧುಗಿರಿಯ ಗೆಳತಿಯ ಹಳೆಯ ಕಂಪ್ಯೂಟರಿನಲ್ಲಿ ಆ ಸೀಡಿ ಹಾಕಿದೆ. ಒಂದಕ್ಷರವೂ ಕೆಟ್ಟಿಲ್ಲ. ಕೊನೆಯ ಹಾಡು ಮುಗಿದ ಮೇಲೆ ಅಜ್ಜಿ ಕೇಳುತ್ತಾರೆ: "ನಮ್ಮವ್ವ ಕಲಿಸಿದ್ದು ಇನ್ನೊಂದೈತೆ ಕಣಮ್ಮ, ಹೇಳ್ಲಾ?"

ಅದರ ಹಿಂದೆಯೇ ನನ್ನ ದನಿ: "ಸಾಕು ಬುಡಜ್ಜಿ, ಬಸ್ಸು ಬತ್ತೈತೆ."

ಅಂಗಡಿಯಲ್ಲಿ ಕಾಲು ಗಂಟೆ ಕಾದವಳು ಅಜ್ಜಿಯ ಮುಂದೆ ಇನ್ನೈದು ನಿಮಿಷ ಕೂರಲಿಲ್ಲವಲ್ಲ. ಆ ಹಾಡು ಈಗ ನಮ್ಮಲ್ಲಿ ಯಾರಿಗೂ ಬರುವುದಿಲ್ಲ.