ನೀಲವ್ವನ ಮೂರು ಲೀಟರ್

ಬೆಳಗಾಗುವ ಮುಂಚೆ ನೀಲವ್ವ ನಳದ ನೀರನ್ನು ಎರಡು ಮಹಡಿ ಹೊತ್ತು ತುಂಬಿಸುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಗಂಡನ, ಮಕ್ಕಳ ಡಬ್ಬಿ ಕಟ್ಟುತ್ತಿದ್ದಳು. ತಾನು ಮಾತ್ರ ಮಧ್ಯಾಹ್ನದವರೆಗೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಸದಾಶಿವ ಪೇಠದ ಆ ವಾಡೆಯಲ್ಲಿ, ಆ ಹಳೆಯ ವಠಾರದಲ್ಲಿ, ಹನ್ನೊಂದು ಮನೆಗಳಿಗೆ ಒಂದೇ ಪಾಯಖಾನೆ, ಅದೂ ಅಂಗಳದಾಚೆ. ಅಂಗಳದಲ್ಲಿ ಗಂಡಸರು ಇಸ್ಪೀಟು ಆಡುತ್ತ ಕೂತಿರುತ್ತಿದ್ದರು. ಅವರ ಮುಂದೆ ಹಾದುಹೋಗುವ ಬದಲು ಬಾಯಾರಿಕೆ ತಡೆಯುವುದೇ ವಾಡೆಯ ಹೆಂಗಸರ ರೂಢಿ.

೨೦೦೪ರಲ್ಲಿ ಆಕೆಯ ಮೂತ್ರಪಿಂಡದ ಹರಳನ್ನು ಲೇಸರಿನಿಂದ ಪುಡಿ ಮಾಡಿದರು. ದಿನಕ್ಕೆ ಮೂರು ಲೀಟರ್ ನೀರು ಕುಡಿಯದಿದ್ದರೆ ಹರಳು ಮತ್ತೆ ಬರುತ್ತದೆ ಎಂದು ಡಾಕ್ಟರು ಎಚ್ಚರಿಸಿ ಮನೆಗೆ ಕಳಿಸಿದರು.

ಗಂಡ ಸಿದ್ದಾರೂಢ ಎಂದೂ ಇಲ್ಲದೆ ತಾನೇ ಬಾಟಲಿ ತುಂಬಿ ಹಾಸಿಗೆಯ ಪಕ್ಕ ಇಟ್ಟ. "ಕುಡಿ, ಯಾಕ ಹಂಗ ನೋಡ್ತಿ?"

"ಕುಡಿಯೂದು ಭಾಳ ಸಸಾರ ಅದರಿ. ಆಮ್ಯಾಲ ಕೆಳಗ ಹೋಗಾವ್ರು ಯಾರು, ನೀವಾ?"

"ಅಂಗಳದಾಗ ಮಂದಿ ಇರ್ತಾರ, ಖರೆ."

"ಇಸ್ಪೀಟಿನ ಎಲಿ ಹಂಚಾವ್ರು ನೀವ ಅಲ್ಲೇನ್ರಿ?"

ಆತ ನಾಚಿ ನಕ್ಕ. ಆದರೂ ಭಾನುವಾರ ಆಟಕ್ಕೆ ಇಳಿದ.

ಮೇಲೆ ಒಬ್ಬಳೇ ಉಳಿದ ನೀಲವ್ವ ಬಾಟಲಿ ಪೂರ್ತಿ ಕುಡಿದಳು. ಸ್ವಲ್ಪ ಹೊತ್ತಿಗೆ ಚೊಂಬು ಹಿಡಿದು ಮೆಟ್ಟಿಲಿಳಿದು, ತಲೆ ಬಗ್ಗಿಸದೆ ಆಟದವರ ಮುಂದೆಯೇ ನಿಧಾನ ನಡೆದುಹೋದಳು.